ಕುಂಕುಮಕ್ಕೆ ಬಂದ ಮುಲಾಮು

ಹೋದ ವರ್ಷ ನಮ್ಮ ದಾವಣಗೆರೆಯ ಭಾರತ–ಜಪಾನ್ ಸ್ನೇಹ ಸಂಘಕ್ಕೆ ಜಪಾನಿನಿಂದ ಒಬ್ಬ ಶಿಕ್ಷಕಿ ಬಂದಿದ್ದರು. ಹರಿಹರದಲ್ಲಿ ಸ್ವಾಗತ ಸಭೆ. ಅತಿಥಿಯ ಇಂಗ್ಲಿಷ್ ಮಾತನ್ನು ಕನ್ನಡಕ್ಕೆ ಹೇಳುವ ಕೆಲಸ ಇಂಗ್ಲಿಷ್ ಟೀಚರಾದ ನನ್ನದು. ಪ್ರತಿ ಸಲ ಅತಿಥಿಗಳಿಗೆ ಕುಂಕುಮ ಹಚ್ಚುತ್ತಿದ್ದವಳೂ ನಾನೇ. ಆದರೆ ನನ್ನ ಗಂಡ ತೀರಿಕೊಂಡ ಮೇಲಿನ ಮೊದಲ ಸಭೆ ಅದು.

"ಟೀಚರ್, ನೀವು ಮಾತು ನೋಡ್ಕೊಳ್ರಿ, ಸಾಕು. ಕುಂಕುಮ ನಮ್ಮನೆಯವಳು ಹಚ್ತಾಳೆ," ಎಂದರು ಕಾರ್ಯದರ್ಶಿ, ನೆಲ ನೋಡುತ್ತ.

ಕುಂಕುಮ ಹಚ್ಚಿಸಿಕೊಂಡವರು ತಿರುಗಿ ಹಚ್ಚಬೇಕೆಂದು ದಾರಿಯಲ್ಲಿ ನಾನೇ ಅತಿಥಿಗೆ ಹೇಳಿಕೊಟ್ಟಿದ್ದೆ. ಅವರು ವೇದಿಕೆಯಲ್ಲಿದ್ದ ಹೆಂಗಸರಿಗೆಲ್ಲ ಹಚ್ಚಿ, ಕೊನೆಗೆ ಬಟ್ಟಲು ಹಿಡಿದು ನನ್ನೆದುರು ನಿಂತರು. ನಾನು ಹಿಂದೆ ಸರಿದೆ.

"ನಿಮಗೆ ಯಾಕೆ ಬೇಡ?" ಎಂದು ಮೆಲ್ಲಗೆ ಕೇಳಿದರು.

"ನನಗೆ ಅಲರ್ಜಿ," ಎಂದೆ.

ಅವರು ತಲೆಬಾಗಿಸಿ ಕ್ಷಮೆ ಕೇಳಿದರು. ನಾನು ಹಿಂದೆ ಸರಿಯದೆ ನಿಂತಿದ್ದರೆ ಹಚ್ಚಿಯೇಬಿಡುತ್ತಿದ್ದರಲ್ಲ ಎಂದು ಈಗಲೂ ಅನಿಸುತ್ತದೆ.

ಕೆಲವು ವಾರಗಳ ಮೇಲೆ ಸಂಘದ ವಿಳಾಸಕ್ಕೆ ನನ್ನ ಹೆಸರಿನಲ್ಲಿ ಜಪಾನಿನಿಂದ ಅಲರ್ಜಿಯ ಮುಲಾಮು ಬಂತು.

"ನೋಡ್ರಿ, ಸ್ನೇಹ ಅಂದ್ರೆ ಹಿಂಗಿರಬೇಕು!" ಎಂದು ಕಾರ್ಯದರ್ಶಿ ಅದನ್ನು ಎಲ್ಲರಿಗೂ ತೋರಿಸಿದರು.

ಅದನ್ನು ಹಣೆಗೆ ಹಚ್ಚಿಕೊಳ್ಳಲು ಮಾತ್ರ ನನಗೆ ಯಾರ ಅಡ್ಡಿಯೂ ಇಲ್ಲ.