ನಂಬರು ಕೂಗುವ ಅಕ್ಕ

ನಮ್ಮ ಪಕ್ಕದ ಕೋಣೆಯ ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಕೊಟ್ಟು ನಂಬರು ಕೂಗುವವಳು. ಇಪ್ಪತ್ತು ವರ್ಷ ಕೂಗಿ ಕೂಗಿ ಅವಳ ಗಂಟಲು ಎಂಥದಾಗಿದೆಯೆಂದರೆ, ಮೆಲ್ಲಗೆ ಕೆಮ್ಮಿದರೂ ಬೆಂಚಿನ ಮೇಲಿನವರು ತಮ್ಮ ಸರದಿ ಬಂತೆಂದು ಎದ್ದು ನಿಲ್ಲುತ್ತಾರೆ. ಹಿಂದಿನಿಂದ ನುಗ್ಗುವವರಿಗೆ, "ಕೂತ್ಕೊಳ್ಳಪ್ಪಾ, ಡಾಕ್ಟರೇನು ಕರಗಿ ಹೋಗಲ್ಲ" ಎನ್ನುತ್ತಾಳೆ; ಅಳುವ ಮಗುವಿಗೆ ಹಳೇ ಚೀಟಿಯಲ್ಲೇ ದೋಣಿ ಮಾಡಿ ಕೊಡುತ್ತಾಳೆ. ಯಾರಾದರೂ ಬೈದರೆ ಕನ್ನಡಕ ಮೇಲೇರಿಸಿಕೊಂಡು, "ನೋವಿರೋರು ಬೈಯದೆ ಇನ್ಯಾರು ಬೈಬೇಕು?" ಎಂದು ಮುಂದಿನ ನಂಬರು ಕೂಗುತ್ತಾಳೆ. ಅವಳು ದೇವರಿಗೆ ಕೈ ಮುಗಿದದ್ದನ್ನು ನಾನು ಕಂಡಿಲ್ಲ. ಎರಡು ಕೈಯೂ ಖಾಲಿ ಇರುವ ಗಳಿಗೆ ಅವಳಿಗೆ ಸಿಕ್ಕಿದ್ದೇ ಇಲ್ಲ. ಲಕ್ವ ಹೊಡೆದು ಗಂಡ ಹಾಸಿಗೆ ಹಿಡಿದು ಆರು ವರ್ಷವಾಯಿತು. ಅಂದೇ ಅವನ ಮಾತೂ ನಿಂತಿತು. ದಿನಾ ಬೆಳಿಗ್ಗೆ ಅವನ ಮೈ ಒರೆಸಿ, ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಹೋಗಿ ಬರ್ಲಾ ರೀ?" ಎಂದು ಕೇಳುತ್ತಾಳೆ. ಕೇಳಿ, ಒಬ್ಬ ಮನುಷ್ಯ 'ಹೂಂ, ಹುಷಾರು' ಎನ್ನಲು ಬೇಕಾಗುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾಳೆ. ಮೊನ್ನೆ ತಡೆಯಲಾರದೆ, "ಅವರಿಗೆ ಕೇಳ್ಸುತ್ತಾ ಅಕ್ಕ?" ಎಂದೆ. "ಯಾರಿಗೆ ಗೊತ್ತು ತಮ್ಮಾ," ಎಂದಳು, "ದೇವರ ಹತ್ರಾನೂ ಇಷ್ಟು ವರ್ಷದಿಂದ ಹೀಗೇ ತಾನೇ ಮಾತಾಡ್ತಿರೋದು." ಹಾಗೆಂದವಳು ಒಳಗಿನ ಮೌನಕ್ಕೆ ಇನ್ನೊಂದು ಗಳಿಗೆ ಕಿವಿಗೊಟ್ಟು, ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದಳು.