ಶೀಲಾವತಿಯ ಊಟದ ಗಂಟೆ

ಹೊಸನಗರದಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ ನಡೆಸುವ ಶೀಲಾವತಿಗೆ ಐವತ್ತು ದಾಟಿದ ಮೇಲೆ ಪ್ರೋಗ್ರಾಮ್ ಬರೆಯುವ ಹುಚ್ಚು ಹಿಡಿಯಿತು. ಕಲಿತದ್ದು ಒಂದು ಸುಲಭದ ಸ್ಕ್ರಿಪ್ಟಿಂಗ್ ಭಾಷೆ. ಮಾತಾಡಿದಂತೆ ಬರೆದರೆ ಸಾಕು, ಕಂಪ್ಯೂಟರಿನಲ್ಲೂ ಫೋನಿನಲ್ಲೂ ನಡೆಯುತ್ತಿತ್ತು. ಅದರಲ್ಲಿ ಅವಳು 'ಊಟದ ಗಂಟೆ' ಮಾಡಿದಳು. ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನ ಮನೆಗಳಿಗೆ ಮಳೆಗಾಲದ ಮೋಡದಲ್ಲಿ ಹೊತ್ತು ತಿಳಿಯುವುದಿಲ್ಲ. ಫೋನು ಗಂಟೆ ಬಾರಿಸುವುದರೊಳಗೆ ಊಟ ಮುಗಿಯಬೇಕು. ಸೂರ್ಯ ಗುಡ್ಡದ ಮರೆಗೆ ಸರಿದರೂ ಮುಳುಗಿದಂತೆಯೇ ಎಂಬುದು ಅವಳ ನೆಂಟರ ಮನೆಗಳ ಲೆಕ್ಕ. ಹಾಗಾಗಿ ಪಂಚಾಂಗದ ಹೊತ್ತಿನಿಂದ ಒಂದೊಂದು ಊರಿಗೆ ಒಂದಿಷ್ಟು ಗುಡ್ಡದ ನಿಮಿಷ ಕಳೆಯಬೇಕಿತ್ತು.

ಈ ಮಳೆಗಾಲ ಹೊಸ ಫೋನುಗಳಲ್ಲಿ ಅದು ತೆರೆಯಲಿಲ್ಲ. ತೀರ್ಥಹಳ್ಳಿಯಿಂದ ಅಣ್ಣನ ಮಗ ಋಷಭ್ ಲ್ಯಾಪ್‌ಟಾಪ್ ಹೊತ್ತು ಬಂದ.

"ಅತ್ತೆ, ನಿಮ್ದು ಮಕ್ಕಳಾಟದ ಭಾಷೆ. ಆ್ಯಪ್ ಮಾಡಕ್ಕೆ ಫ್ಲಟರ್ ಅಂತ ಇದೆ, ಅದ್ರಲ್ಲಿ ಬರೆದ್ರೆ ಎಲ್ಲಾ ಫೋನಲ್ಲೂ ಓಡತ್ತೆ."

"ನಾನು ಹತ್ತು ಸಾಲಲ್ಲಿ ಹೇಳಿದ್ದಕ್ಕೆ ನೀನು ಪುರಾಣ ಬರೀತಿದೀಯಲ್ಲೋ!"

"ಹಾಗಾದ್ರೆ ಬರೀ ವೆಬ್ ಪೇಜ್ ಮಾಡಣ."

"ಮಳೆ ಹೊಡೆದ್ರೆ ಹುಂಚದ ನೆಂಟರ ಮನೇಲಿ ಸಿಗ್ನಲ್ ಎಲ್ಲಿರತ್ತೆ, ನಿನ್ನ ತಲೇಲಾ?"

ಅವನು ನಕ್ಕು ಫ್ಲಟರಿನಲ್ಲೇ ಮುಂದುವರಿದ. ಒಂದು ಕಡೆ ಅದು ಹಟ ಹಿಡಿದು ನಿಂತಿತು: ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಗುಡ್ಡದ ನಿಮಿಷ ಖಾಲಿ ಇದೆ. ಕೇಳಿ ತುಂಬಿದರಾಯಿತೆಂದು ಬಿಟ್ಟವಳು ಶೀಲಾವತಿಯೇ. ಅವಳ ಭಾಷೆ ಆ ಖಾಲಿಯನ್ನು ಸೊನ್ನೆಯೆಂದು ತಿಳಿದು, ತಕರಾರಿಲ್ಲದೆ ಲೆಕ್ಕ ಮುಗಿಸುತ್ತಿತ್ತು. ಮೂರು ಮಳೆಗಾಲ ಮೇಳಿಗೆಯಲ್ಲಿ ಗಂಟೆ ತಡವಾಗಿ ಬಾರಿಸಿತ್ತು. ಅಲ್ಲಿ ಅದನ್ನು ನಂಬಿ ಉಂಡವರು ಅವಳನ್ನು ಸಾಕಿದ ದೊಡ್ಡಮ್ಮ ಚಂದ್ರಮತಿ. ಎಂಬತ್ತು ವರ್ಷ, ಸಕ್ಕರೆ ಕಾಯಿಲೆ, ಎಂದೂ ಮುರಿಯದ ವ್ರತ.

"ಸುಮ್ನೆ ಸರಿ ಮಾಡಿಬಿಡಿ ಅತ್ತೆ. ಹೇಳಿದ್ರೆ ಅಜ್ಜಿ ಉಪವಾಸ ಕೂರ್ತಾರೆ."

"ವ್ರತ ಅವರದ್ದು. ಮುಚ್ಚಿಡೋಕೆ ನಾನ್ಯಾರು?"

ದೊಡ್ಡಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು.

"ಮೂರು ವರ್ಷವೂ?"

"ತಪ್ಪು ನಂದು, ದೊಡ್ಡಮ್ಮ."

"ಉಂಡಿದ್ದು ನಾನಲ್ವೇನೇ? ಈ ಚಾತುರ್ಮಾಸ ಮುಗಿಯೋವರೆಗೆ ನಂಗೆ ಒಂದೇ ಹೊತ್ತು ಊಟ."

"ಇನ್ಸುಲಿನ್ ತಗೊಂಡು ಹಾಗಿರಕ್ಕೆ ಆಗಲ್ಲ. ಡಾಕ್ಟ್ರು..."

"ಡಾಕ್ಟ್ರಿಗೆ ವ್ರತ ಇಲ್ಲ ಮಾರಾಯ್ತಿ."

ಫೋನು ಕಟ್ಟಾಯಿತು.

"ನಾ ಹೇಳಿದ್ನಲ್ಲ," ಎಂದ ಋಷಭ್.

ಶೀಲಾವತಿ ಅಂಗಡಿಯ ಶಟರ್ ಎಳೆದು, ಮೆಡಿಕಲ್ ಶಾಪಿನಲ್ಲಿ ಸಕ್ಕರೆ ನೋಡುವ ಮಿಷನ್ ಕೊಂಡು, ದೊಡ್ಡಮ್ಮನ ಹತ್ತಿರ ಹೋಗಲು ತೀರ್ಥಹಳ್ಳಿಯ ಬಸ್ಸು ಹತ್ತಿದಳು.