ಕತ್ತರಿಸಿದ ಬಲಭಾಗ

ಸೋಮವಾರ, ಬೆಳಿಗ್ಗೆ ಆರೂ ಹತ್ತು. ಬಸವಕಲ್ಯಾಣದ ನಮ್ಮ ಮನೆಯ ಬಾಗಿಲಲ್ಲಿ ಇಬ್ಬರೇ ಇದ್ದೆವು: ರಂಗೋಲಿ ಹಾಕುತ್ತಿದ್ದ ಹೆಂಡತಿ ಶರಣಮ್ಮ, ಫೋನು ಹಿಡಿದು ನಿಂತ ನಾನು. ಅವಳ ಕೈಯಿಂದ ಬಟ್ಟಲು ಜಾರಿತು. ಎತ್ತಲು ಹೋದಳು.

ಬಲಗೈ ಏಳಲಿಲ್ಲ.

ನಾನು ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ದೈಹಿಕ ಶಿಕ್ಷಣ ಶಿಕ್ಷಕ. ನಿವೃತ್ತಿಯಾದ ಮೇಲೆ ಅವಳ ರಂಗೋಲಿಯ ಫೋಟೊವನ್ನು ದಿನಾ ಆರೂಕಾಲಿಗೆ ಇನ್‌ಸ್ಟಾಗ್ರಾಮಿಗೆ ಹಾಕುವುದೇ ನನ್ನ ಡ್ಯೂಟಿಯಾಗಿತ್ತು. ಎಷ್ಟು ಚುಕ್ಕಿ, ಎಲ್ಲಿಂದ ಶುರು ಎಂದು ಎಷ್ಟೋ ಹೆಣ್ಣುಮಕ್ಕಳು ಕೇಳುತ್ತಿದ್ದರು. ಅವಳನ್ನು ಕೇಳಿ ಉತ್ತರ ಬರೆಯುತ್ತಿದ್ದೆ. ಹೊಗಳಿಕೆ ಮಾತ್ರ ನನಗೇ ಬಂದಂತೆ ಇಟ್ಟುಕೊಳ್ಳುತ್ತಿದ್ದೆ.

ಕೆಲವು ದಿನಗಳಿಂದ ಬಲಗಡೆಯ ಚುಕ್ಕಿಗಳು ಸಾಲು ತಪ್ಪುತ್ತಿದ್ದವು. "ಲಕ್ಷ್ಯ ಎಲ್ಲಿ ಅದ ನಿಂದು?" ಎಂದು ಬೈದೆ. ಫೋಟೊದಲ್ಲಿ ಆ ಭಾಗ ಕತ್ತರಿಸಿ ಉಳಿದದ್ದನ್ನು ಹಾಕಿದೆ.

ಚಿಟಗುಪ್ಪದ ಒಬ್ಬ ಹೆಣ್ಣುಮಗಳು ಫೋಟೊದ ಕೆಳಗೆ ಬರೆದಳು: "ಸರ, ಬಲಗಡಿ ಯಾಕ ಕತ್ತರಸಾಕತ್ತೀರಿ? ಉಳದ ಗೆರಿನೂ ದಪ್ಪ ಬಿದ್ದಾವ. ಅಕ್ಕಾರ ಬೆರಳಿಗಿ ಏನಾಗ್ಯಾದ? ಜರಾ ದವಾಖಾನಿಗಿ ತೋರಸ್ರಿ."

ನಾಲ್ಕು ಜನರ ಮುಂದೆ ತಪ್ಪು ಎತ್ತಿ ತೋರಿಸಿದಳೆಂದು ಸಿಟ್ಟು ಬಂತು. ಅವಳು ಬರೆದದ್ದನ್ನು ಅಳಿಸಿಹಾಕಿದೆ. ಶರಣಮ್ಮನಿಗೂ ಹೇಳಲಿಲ್ಲ.

ಕೈ ಏಳದ ಆ ಸೋಮವಾರವೇ ಹುಮನಾಬಾದಿನಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ಹಿಂದಿನ ತಿಂಗಳು ಬಾಗಿಲ ಚೌಕಟ್ಟಿಗೆ ಅವಳ ತಲೆ ಬಡಿದದ್ದನ್ನು ಇಬ್ಬರೂ ಮರೆತಿದ್ದೆವು. ಒಳಗೆ ರಕ್ತ ಸ್ವಲ್ಪ ಸ್ವಲ್ಪವಾಗಿ ಜಿನುಗಿ ಮಿದುಳನ್ನು ಒತ್ತುತ್ತಿತ್ತು.

"ಕೈ ಯಾವಾಗಿಂದ ಸೋತದ್ರಿ?" ಡಾಕ್ಟರ್ ಕೇಳಿದರು.

"ಇವತ್ತೇ," ಎಂದೆ. ಆಮೇಲೆ ಫೋನು ತೆಗೆದು, ಕತ್ತರಿಸುವ ಮುಂಚಿನ ಫೋಟೊಗಳನ್ನು ಅವರ ಕೈಗಿಟ್ಟೆ. ಅವರು ಬೆರಳಾಡಿಸುತ್ತ ಹಿಂದಕ್ಕೆ ಹೋದರು.

"ಹನ್ನೊಂದು ದಿನ ಆತಲ್ರಿ."

ಅಂದೇ ಕಲಬುರಗಿಯಲ್ಲಿ ಆಪರೇಷನ್. ರಕ್ತ ತೆಗೆದರು. ಜೀವ ಉಳಿಯಿತು. ಕೈ ಪೂರ್ತಿ ಬರುತ್ತದೋ ಇಲ್ಲವೋ, ಈಗಲೇ ಹೇಳಲಾಗದು ಎಂದರು. ಬೇಗ ಬಂದಿದ್ದರೆ ಎಂದು ಅವರು ಅನ್ನಲಿಲ್ಲ. ನಾನೂ ಕೇಳಲಿಲ್ಲ, ಏಕೆಂದರೆ ಉತ್ತರ ಕೇಳುವ ಧೈರ್ಯ ನನಗಿರಲಿಲ್ಲ.

ಮನೆಗೆ ಬಂದು ಇಂದಿಗೆ ಒಂದು ವಾರ. ಬೆಳಿಗ್ಗೆ ಚಿಟಗುಪ್ಪದವಳಿಗೆ ಎಲ್ಲವನ್ನೂ ಬರೆದು ಕ್ಷಮೆ ಕೇಳಿದೆ. ಅವಳು ನನ್ನ ತಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ನಮ್ಮವ್ವಗ ಲಕ್ವಾ ಹೊಡದು ಕೈ ಸೋತಿತ್ರಿ, ಅದಕ್ಕ ಗುರ್ತು ಹತ್ತಿತು. ಡಾಕ್ಟರಿಗಿ ಕೇಳಿ ಜ್ವಾಳದ ಹಿಟ್ಟಿನ ಉಂಡಿ ಹಿಸುಕಸ್ರಿ," ಎಂದು ಬರೆದಳು. ಡಾಕ್ಟರಿಗೆ ಫೋನು ಮಾಡಿದೆ. ಆಗಲಿ ಎಂದರು.

ಸಂಜೆ ಆರಕ್ಕೆ ಹಿಟ್ಟು ನಾದಿ ಶರಣಮ್ಮನ ಮುಂದೆ ಕುಳಿತೆ. ಅಳಿಸಿದ ಮಾತನ್ನು ಹೇಳಿಬಿಟ್ಟೆ.



"ಊರಿಗೆಲ್ಲ ತೋರಿಸಿದ್ರಿ. ನೀವು ಒಮ್ಮೆರೆ ನನ್ನ ಕೈ ಹಿಡದು ನೋಡಿದ್ರೇನು?"

ಎಡಗೈಯಿಂದ ಬಲಗೈ ಎತ್ತಿ ನನ್ನ ಮುಂದಿಟ್ಟಳು.

"ಈಗರೆ ಹಿಡೀರಿ. ಹಿಟ್ಟು ಒಣಗಾಕತ್ತದ."

ಇಪ್ಪತ್ತು ಸಲ ಹಿಸುಕಿಸಬೇಕೆಂದುಕೊಂಡಿದ್ದೆ. ಹದಿಮೂರಕ್ಕೆ ದಣಿದಳು. ಅಲ್ಲಿಗೇ ಬಿಟ್ಟೆ. ಬಿಸಿನೀರಲ್ಲಿ ಬಟ್ಟೆ ಅದ್ದಿ, ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸಿದೆ.